ದೊರೆಸಾನಿಗೆ ಬುದ್ಧಿ ಬಂದಾಗ

ಬೆಳಕು ಹರಿಯುವ ಹೊತ್ತಿಗೆ ಅಂಗಡಿಯ ಬಾಗಿಲು ತೆರೆದು, ಅಕ್ಕ ಎರಡೂ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂರುತ್ತಾರೆ. ಕೈ ತಣ್ಣಗಿದ್ದರೆ ಮುದಿ ಬೆಕ್ಕುಗಳಿಗೆ ಸಿಟ್ಟು ಬರುತ್ತದಂತೆ. ಬೆಕ್ಕಿನ ಕೂದಲು ಬಾಚುವುದೇ ಇವರ ಕಸುಬು. ಬೀದಿಗೆಲ್ಲ 'ಬಾಚಣಿಗೆ ಅಕ್ಕ'. ಆದರೆ ಮೊದಲ ಸುತ್ತು ಯಾವಾಗಲೂ ಬರಿಗೈಯದ್ದು. ಗದ್ದದಿಂದ ಬಾಲದವರೆಗೆ, ಹೊಟ್ಟೆಯ ಕೆಳಗೂ ಬೆರಳಾಡಿಸುತ್ತಾರೆ.

"ಬಾಚಣಿಗೆಗೆ ಸಿಕ್ಕು ಮಾತ್ರ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಬೆರಳಿಗೇ ಗೊತ್ತಾಗಬೇಕು," ಎನ್ನುತ್ತಾರೆ.

ಮೊದಲು ಇವರು ಹೆಂಗಸರ ತಲೆ ಬಾಚುತ್ತಿದ್ದರು. ನಿಂತು ನಿಂತು ಮಂಡಿ ಕೈಕೊಟ್ಟಿತು. "ಬೆಕ್ಕಾದ್ರೆ ಕೂತ್ಕೊಂಡೇ ಬಾಚಬಹುದು. ಕನ್ನಡಿ ತೋರ್ಸಿ ಅಂತ ಪ್ರಾಣ ತಿನ್ನೋದೂ ಇಲ್ಲ!" ದಿನಕ್ಕೆ ಆರೇಳು ಬೆಕ್ಕು, ಮೊಣಕೈವರೆಗೂ ಗೀರು.

ಅರ್ಧ ಗೀರು ಪಕ್ಕದ ಟೈಲರ್ ಅಣ್ಣನ ಹೆಣ್ಣುಬೆಕ್ಕು ದೊರೆಸಾನಿಯದ್ದು. ಹದಿನಾಲ್ಕು ವರ್ಷವಾದರೂ ಮೂಗಿನ ತುದಿಯಲ್ಲೇ ಕೋಪ. ಅಂಥದ್ದು ಕಳೆದ ಚಳಿಗಾಲದಲ್ಲಿ ಒಂದು ದಿನ ಮಿಸುಕದೆ ಬಾಚಿಸಿಕೊಂಡಿತು. "ಅಂತೂ ಬುದ್ಧಿ ಬಂತು!" ಎಂದು ಟೈಲರ್ ಹಿಗ್ಗಿದರು. ಅಕ್ಕನಿಗೆ ಕಸಿವಿಸಿ. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಮೊಲೆತೊಟ್ಟಿನ ಪಕ್ಕ ಬಟಾಣಿಯಷ್ಟು ಗಂಟು. ಸಿಕ್ಕೆಂದುಕೊಂಡು ಕತ್ತರಿ ಎತ್ತಿದವರು ಹಾಗೇ ಇಳಿಸಿದರು. ಎತ್ತಿದರೆ ಕೂದಲಷ್ಟೇ ಮೇಲೆ ಬಂತು, ಗಂಟು ಚರ್ಮದೊಳಗೇ ಉಳಿಯಿತು.

"ಅಣ್ಣಾ, ಇದು ಬುದ್ಧಿ ಬಂದಿದ್ದಲ್ಲ. ಇದಕ್ಕೆ ಹುಷಾರಿಲ್ಲ, ಹೊಟ್ಟೆ ಹತ್ರ ಗಂಟು ಬೇರೆ ಸಿಕ್ತು. ಇವತ್ತೇ ಡಾಕ್ಟರಿಗೆ ತೋರ್ಸಿ."

"ವಯಸ್ಸಾದ ಮೇಲೆ ಸೊರಗೋದು ಇದ್ದಿದ್ದೇ ಕಣಮ್ಮ. ಚಳಿ ಕಳೀಲಿ, ನೋಡೋಣ."

"ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ, ಸರಿ. ಆದ್ರೆ ಹೌದೋ ಅಲ್ವೋ ಹೇಳೋದು ನಾನೂ ಅಲ್ಲ, ನೀವೂ ಅಲ್ಲ."

ಹೆಂಡತಿ ತೀರಿಕೊಂಡ ಮೇಲೆ ಟೈಲರಿಗೆ ಮನೆಯಲ್ಲಿ ಮಾತಾಡಲು ಉಳಿದಿದ್ದು ಆ ಬೆಕ್ಕೊಂದೇ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಪುಣ್ಯಕ್ಕೆ ಬೇರೆಡೆ ಹರಡಿರಲಿಲ್ಲ, ಆಪರೇಷನ್ ಆಯಿತು. ತಪಾಸಣೆಗೆ ಮಾತ್ರ ಆಗಾಗ ಹೋಗುತ್ತಲೇ ಇರಬೇಕು.

ಅಂದಿನಿಂದ ಅಕ್ಕ ಗಿರಾಕಿಗಳನ್ನು ಪೊಲೀಸರಂತೆ ವಿಚಾರಿಸುತ್ತಾರೆ. ಊಟ ಬಿಡ್ತಾ ಇದೆಯಾ? ಜೊಲ್ಲು ಸುರಿಸುತ್ತಾ? ಮಾಯದ ಹುಣ್ಣು ಇದೆಯಾ? ಹೌದೆಂದರೆ ಬಾಚಣಿಗೆ ಕೆಳಗಿಟ್ಟು ಡಾಕ್ಟರ ಹತ್ತಿರ ಅಟ್ಟುತ್ತಾರೆ.

ಆಪರೇಷನ್ ಆದ ಮೇಲೆ ದೊರೆಸಾನಿ ಮೊದಲ ಸಲ ಬಾಚಿಸಿಕೊಳ್ಳಲು ಬಂದಿರುವುದು ಇವತ್ತು. ಟೈಲರ್ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ. ಅಕ್ಕನ ಬೆಚ್ಚಗಿನ ಕೈ ಹೊಟ್ಟೆಯತ್ತ ಸರಿಯುವಷ್ಟರಲ್ಲಿ ಬೆಕ್ಕು ಪಂಜ ಬೀಸುತ್ತದೆ. ಮುಂಗೈ ಮೇಲೆ ಉದ್ದನೆಯ ಕೆಂಪು ಗೀರು! ಟೈಲರ್ ಗಾಬರಿಯಿಂದ ಮುಂದೆ ಬಂದರೆ, ಅಕ್ಕ ಕೈ ಎತ್ತಿ ತೋರಿಸಿ ಮನಸಾರೆ ನಗುತ್ತಿದ್ದಾರೆ.

"ನೋಡಿ ಅಣ್ಣ, ಬಂದಿದ್ದ ಬುದ್ಧಿಯೆಲ್ಲ ಹೋಯ್ತು!"