ರಾಣಿ ಸಾಯಲೇಬೇಕೆಂದ ಚೂಡಾಮಣಿ

ನನ್ನ ಮಾತಿಗೆ ಮಣಿಯದ ಪ್ರಾಣಿ ಚಾಮರಾಜಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಹೊರಟುಹೋದ ಸಿಟಿ ಬಸ್ಸನ್ನು ಬರೀ ಮಾತಿನಲ್ಲೇ ಸ್ಟಾಪಿಗೆ ವಾಪಸು ತರಿಸಿದವನು ನಾನು. ಗ್ಯಾಸ್ ಏಜೆನ್ಸಿಯವನು ಸಿಲಿಂಡರ್ ಕೊಟ್ಟು, ಕಾಫಿ ಕುಡಿಸಿ, ಕಣ್ಣೊರೆಸಿಕೊಂಡು ನನ್ನನ್ನು ಕಳಿಸಿದ್ದುಂಟು. ಅದಕ್ಕೇ ನಮ್ಮ ನಾಟಕ ಸಂಘದ ಕಾರ್ಯದರ್ಶಿ ವೆಂಕಟಾಚಲ, ಚೂಡಾಮಣಿಯನ್ನು ಒಪ್ಪಿಸುವ ಕೆಲಸವನ್ನು ನನಗೆ ವಹಿಸಿದ.

ಚೂಡಾಮಣಿ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟು. ಅವಳು ಟೈಪ್ ಮಾಡಲು ಕೂತರೆ ಪಕ್ಕದ ಸೆಕ್ಷನ್ನಿನ ಗೋಡೆಯ ಸುಣ್ಣ ಉದುರುತ್ತಿತ್ತು. ಮದುವೆಯ ಹೊಸದರಲ್ಲೇ ಗಂಡ ಇಲ್ಲಸಲ್ಲದ ಅನುಮಾನ ಪಟ್ಟು ತವರಿಗೆ ಕಳಿಸಿದ್ದ. ಕಾಲಿಗೆ ಬಿದ್ದು ತಪ್ಪಾಯಿತು ಅಂದರೆ ಸೇರಿಸಿಕೊಳ್ಳುತ್ತಾನೆ ಎಂದು ಹಿರಿಯರೆಲ್ಲ ಬುದ್ಧಿ ಹೇಳಿದರು. ಮಾಡದ ತಪ್ಪಿಗೆ ಬೀಳುವುದಿಲ್ಲ ಎಂದವಳೇ ಟೈಪಿಂಗ್ ಕಲಿಯಲು ಹೋದಳು. ಆಮೇಲೆ ಅವನ ಹೆಸರೆತ್ತಲಿಲ್ಲ.

ಪ್ರತಿ ಗಣೇಶನ ಹಬ್ಬಕ್ಕೂ ನಾವು ಆಡುತ್ತಿದ್ದುದು ಒಂದೇ ನಾಟಕ, ತಾತಂದಿರ ಕಾಲದ ದುರಂತ. ರಾಜ ರಾಣಿಯನ್ನು ಸುಮ್ಮಸುಮ್ಮನೆ ಅನುಮಾನಿಸುತ್ತಾನೆ. ರಾಣಿ ವಿಷ ಕುಡಿಯುತ್ತಾಳೆ. ನಾನು ರಾಜ, ಅವಳು ರಾಣಿ. ಅವಳು ಸತ್ತ ಕೂಡಲೇ ಜನ ಶಿಳ್ಳೆ ಹೊಡೆದು ‘ಒನ್ಸ್ ಮೋರ್’ ಎನ್ನುತ್ತಿದ್ದರು. ಎದ್ದು, ಸೀರೆ ಸರಿಮಾಡಿಕೊಂಡು, ಮೊದಲಿಗಿಂತ ಚೆನ್ನಾಗಿ ಇನ್ನೊಮ್ಮೆ ಸಾಯುತ್ತಿದ್ದಳು. ಅಷ್ಟು ಸಲ ಸತ್ತವರು ನಮ್ಮ ಸ್ಮಶಾನದಲ್ಲೂ ಇಲ್ಲ.

ತೊಂಬತ್ತಾರರಲ್ಲಿ ಆ ನಾಟಕ ಸಿನಿಮಾ ಆಯಿತು. ಸಂಘದವರೆಲ್ಲ ಒಟ್ಟಿಗೆ ಹೋದೆವು. ತೆರೆಯ ಮೇಲೆ ರಾಣಿ ವಿಷದ ಬಟ್ಟಲು ಎತ್ತುವಷ್ಟರಲ್ಲಿ ರಾಜ ಓಡಿಬಂದು ಕಿತ್ತೆಸೆದ. ಅವಳು ಕಾಲಿಗೆ ಬಿದ್ದಳು, ಅವನು ಕ್ಷಮಿಸಿದ, ಇಬ್ಬರೂ ರಾಜ್ಯ ಬಿಟ್ಟು ಊಟಿಗೆ ಹೋಗಿ ಹಾಡಿದರು. ಸುತ್ತಲಿನವರು ಸುರಿಸಿದ ಕಣ್ಣೀರಿಗೆ ನನ್ನ ಒಂದು ಚಪ್ಪಲಿ ತೇಲಿಹೋಯಿತು. ಚೂಡಾಮಣಿ ಮಾತ್ರ ಎದ್ದು ನಿಂತು, ಇಡೀ ಬಾಲ್ಕನಿಗೆ ಮುಟ್ಟುವ ಹಾಗೆ ಕೇಳಿದಳು.

“ತಪ್ಪು ಮಾಡಿದೋನು ಅವನು. ಇವಳ್ಯಾಕೆ ಕಾಲಿಗೆ ಬೀಳ್ಬೇಕು?”

ಹಿಂದಿನವರು ಕೂತ್ಕೊಳ್ಳಿ ಎಂದು ಕೂಗಿದರು. ಅವಳು ಕೂರಲಿಲ್ಲ, ನಡೆದೇಬಿಟ್ಟಳು.

ವೆಂಕಟಾಚಲನಿಗೆ ಸಿನಿಮಾ ಬಹಳ ಹಿಡಿಸಿತು. ಈ ಸಲ ನಾಟಕಕ್ಕೂ ಅದೇ ಕೊನೆ, ಹಾಡಿನ ಕ್ಯಾಸೆಟ್ಟೂ ತಂದಾಗಿದೆ, ಚೂಡಾಮಣಿ ಒಪ್ಪದಿದ್ದರೆ ರಾಣಿಯ ಪಾರ್ಟು ಬೇರೆಯವರಿಗೆ ಎಂದ. ನಾನು ಅವಳ ಮನೆಯ ಜಗಲಿಯಲ್ಲಿ ಕುಳಿತು, ಕಲ್ಲು ಕರಗಿ ಕಾಲುವೆಯಾಗುವಷ್ಟು ಮಾತಾಡಿದೆ. ಎಲ್ಲ ಕೇಳಿಸಿಕೊಂಡು, ಸರಿ, ಸ್ಟೇಜಿಗೆ ಬರ್ತೀನಿ ಎಂದಳು. ಗೆದ್ದೆನೆಂದು ಬೀಗುತ್ತಾ ಮನೆಗೆ ಬಂದೆ.

ಹಬ್ಬದ ಸಂಜೆ ರಾಣಿ ಬಟ್ಟಲು ಎತ್ತಿದಳು. ನಾನು ಓಡಿ ಹೋಗಿ ಕಿತ್ತೆಸೆದು, “ರಾಣಿ, ನಿನ್ನನ್ನು ಕ್ಷಮಿಸಿದ್ದೇನೆ” ಎಂಬ ಹೊಸ ಮಾತು ಹೇಳಿ, ಅವಳು ಬೀಳಲು ಅನುಕೂಲವಾಗಲೆಂದು ಕಾಲು ಮುಂದಿಟ್ಟೆ.

“ಕ್ಷಮೆ ಕೇಳಿದವರು ಯಾರು, ಪ್ರಭು?” ಎಂದವಳೇ, ಒಂದು ತೊಟ್ಟು ವಿಷವೂ ಇಲ್ಲದೆ, ಅಂಗಾತ ಬಿದ್ದು ಸತ್ತಳು.

ಶಿಳ್ಳೆಗೆ ಪೆಂಡಾಲು ಒಂದಡಿ ಮೇಲೆದ್ದಿತು. ಗಾಬರಿಗೊಂಡ ವೆಂಕಟಾಚಲ ಕ್ಯಾಸೆಟ್ ಹಾಕಿಯೇಬಿಟ್ಟ. ಊಟಿಯ ಯುಗಳಗೀತೆ ಶುರುವಾಯಿತು. ನಾನು ಬಗ್ಗಿ, ಸಂಘದ ಮಾನ ಹೋಗುತ್ತೆ, ಎದ್ದೇಳಮ್ಮ, ಹಾಡು ಬಂತು ಎಂದು ಹೆಣದ ಕಿವಿಯಲ್ಲಿ ಅಂಗಲಾಚಿದೆ.

ಹೆಣ ಕಣ್ಣು ಬಿಡದೆ ಹೇಳಿತು: “ಹಾಡೋದಿದ್ರೆ ನೀವೊಬ್ರೇ ಹಾಡ್ಕೊಳ್ಳಿ, ಶೀನಣ್ಣ. ನಾನು ಸತ್ತಿದೀನಿ.”