ನೆರ್ಮಿನ್ ತಾಯಿಯ ರತ್ನಗಂಬಳಿ

ಲಂಡನ್ನಿನಂಚಿನ ಪಿನ್ನರ್‌ನಲ್ಲಿ ನಮ್ಮ ಕನ್ನಡದ ಹೆಂಗಸರ ರವಿಕೆಗಳೆಲ್ಲ ನೆರ್ಮಿನ್ ಕೈಯಲ್ಲೇ ಸರಿಯಾಗುತ್ತಿದ್ದವು. ಟರ್ಕಿಯ ಸಣ್ಣ ಊರೊಂದರಿಂದ ಬಂದ ಆಕೆಗೆ ಸ್ಟೇಷನ್ ಪಕ್ಕದಲ್ಲಿ ಇಕ್ಕಟ್ಟಾದ ಹೊಲಿಗೆ ಅಂಗಡಿಯಿತ್ತು. ಧಾರವಾಡದ ನಮ್ಮ ಅತ್ತೆ ಸುಶೀಲಾಬಾಯಿ ಆಕೆಯೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ತೋಳು ಭಾಳ ಬಿಗಿ ಆಗೇತಿ ನೋಡವಾ."

ನೆರ್ಮಿನ್ ಅತ್ತೆಯ ತೋಳು ಹಿಸುಕಿ, "ಬಟ್ಟೆ ಸರಿಯಿದೆ, ತೋಳೇ ಬೆಳೆದಿದೆ" ಎಂದು ಇಂಗ್ಲಿಷಿನಲ್ಲಿ ನಗುವಳು. ನಡುವೆ ನಿಂತು ಎರಡೂ ಕಡೆ ತಿಳಿಸುವುದು ನನ್ನ ಕೆಲಸ.

ಆಕೆಯ ಊರಲ್ಲಿ ಯಾರಾದರೂ ತೀರಿಕೊಂಡರೆ ಶವಪೆಟ್ಟಿಗೆಗೆ ಮನೆಯ ರತ್ನಗಂಬಳಿ ಹೊದಿಸಿ ಒಯ್ಯುತ್ತಾರೆ. ಮಣ್ಣು ಮಾಡಿದ ಮೇಲೆ ಅದನ್ನು ಮಸೀದಿಗೆ ಕೊಡುತ್ತಾರೆ. ಜನ ಅದರ ಮೇಲೆ ತಲೆ ಬಾಗಿಸುತ್ತಿರುವವರೆಗೂ ಸತ್ತವರಿಗೆ ಪುಣ್ಯ ಸಲ್ಲುತ್ತದೆಂದು ನಂಬಿಕೆ. ನೆರ್ಮಿನ್ ತಾಯಿ ತಾನೇ ನೇಯ್ದ ಕಂಬಳಿ ಹೀಗೆ ಒಟ್ಟೋಮನ್ ಸುಲ್ತಾನರ ಕಾಲದ ಮಸೀದಿಗೆ ಸೇರಿತ್ತು. ತೊಂಬತ್ತರ ದಶಕದಲ್ಲಿ ಆ ಮಸೀದಿ ಮ್ಯೂಸಿಯಂ ಆಯಿತು. ನಮಾಜು ನಿಂತಿತು.

"ಅಮ್ಮನಿಗೆ ಸಲ್ಲುತ್ತಿದ್ದದ್ದೂ ನಿಂತಿತು" ಎಂದಷ್ಟೇ ಹೇಳಿ ಆಕೆ ಸೂಜಿಗೆ ದಾರ ಪೋಣಿಸಿದಳು.

೨೦೦೪ರ ಚಳಿಗಾಲದಲ್ಲಿ ಆ ಮ್ಯೂಸಿಯಂನ ಕಂಬಳಿಗಳು ಲಂಡನ್ನಿನ ಪ್ರದರ್ಶನವೊಂದಕ್ಕೆ ಬಂದವು. ಮೂವರೂ ಟ್ಯೂಬ್ ರೈಲು ಹಿಡಿದು ಹೋದೆವು. ಹಗ್ಗದಾಚೆ, ತಗ್ಗು ಕಟ್ಟೆಯ ಮೇಲೆ ಆಕೆಯ ತಾಯಿಯ ಕಂಬಳಿ ಹಾಸಿತ್ತು. ಕೆಂಪು ನೂಲು ಸಾಲದೆ ತಾಯಿ ಕಿತ್ತಳೆ ಸೇರಿಸಿದ್ದ ಮೂಲೆಯನ್ನು ನೆರ್ಮಿನ್ ದೂರದಿಂದಲೇ ಗುರುತಿಸಿದಳು. ನಿಂತಲ್ಲೇ ಬೂಟು ಬಿಚ್ಚಿದಳು. ಅತ್ತೆಯೂ ಬಿಚ್ಚಿದರು.

"ಇಲ್ಲಿ ಬಿಚ್ಚಬೇಕಿಲ್ಲ, ಲವ್," ಎಂದು ಲಂಡನ್ನಿನವರ ಸಲುಗೆಯಲ್ಲಿ ಹೇಳಿದ ಕಾವಲಿನವನು; ಎದೆಯ ಬಿಲ್ಲೆಯಲ್ಲಿ ಟ್ರೆವರ್ ಎಂದಿತ್ತು.

"ಬಿಚ್ಚಬೇಕು ಅಂತ ಹೇಳವಾ ಅವಗ," ಅತ್ತೆ ನನ್ನನ್ನು ತಿವಿದರು.

ಅದು ಈಕೆಯ ತಾಯಿಯದು ಎಂದೆ. ಟ್ರೆವರ್ ಮೆತ್ತಗಾದ. ಕಟ್ಟೆಯ ಬುಡದಲ್ಲಿದ್ದ ವಿವರದ ಚೀಟಿಯಲ್ಲಿ, ಕೊಟ್ಟವರು ಯಾರೆಂದು ತಿಳಿದಿಲ್ಲ ಎಂದಿತ್ತು.

"ತಾಯಿಯ ಹೆಸರು ಹೇಳಿ, ಆಫೀಸಿಗೆ ತಿಳಿಸುತ್ತೇನೆ. ಆ ಚೀಟಿಯನ್ನೂ ಮೇಲೆ ಹಾಕಿಸಬೇಕು. ಬಗ್ಗಿ ಬಗ್ಗಿ ಸೊಂಟ ಹೋಯಿತು ಅಂತ ನೋಡಲು ಬಂದವರದು ದಿನಾ ದೂರು."

ಅಷ್ಟರಲ್ಲಿ ಒಬ್ಬ ಮುದುಕ ಬಂದು, ಕನ್ನಡಕ ಸರಿಪಡಿಸಿಕೊಂಡು, ಕಂಬಳಿಯ ಮುಂದೆ ತಲೆ ಬಾಗಿಸಿ ಚೀಟಿ ಓದಿದ. ಅವನ ಹಿಂದೆಯೇ ಯಾರೋ ತಾಯಿ, ಮಗಳು ಬಂದು ಬಾಗಿದರು. ನೆರ್ಮಿನ್ ಒಬ್ಬೊಬ್ಬರನ್ನೂ ನೋಡುತ್ತ ನಿಂತಳು.

"ಹೆಸರು ಇಲ್ಲದಿದ್ದರೂ ಸರಿ," ಎಂದಳು ಕೊನೆಗೆ. "ಚೀಟಿ ಅಲ್ಲೇ, ಕೆಳಗೇ ಇರಲಿ."

"ನಾನು ಬರೀ ಕಾವಲಿನವನು," ಎಂದ ಟ್ರೆವರ್. "ಕೇಳಿ ನೋಡುತ್ತೇನೆ."

ಪ್ರದರ್ಶನ ಮುಗಿಯುವ ದಿನ ಮತ್ತೆ ಹೋದೆವು. ಚೀಟಿ ಬುಡದಲ್ಲೇ ಇತ್ತು. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಆದರೂ ಸೊಂಟ ಹಿಡಿದುಕೊಂಡು, ಅದರ ಮುಂದೆ ನಿಧಾನವಾಗಿ ಬಗ್ಗಿದರು.