ಕೊಡುವುದಕ್ಕಾಗಿ ಆದ ಜಗಳ

ಕಳೆದ ವಾರ ಮಗಳು ಸಾಕಿದ ನಾಯಿಗೆ ಚುಚ್ಚುಮದ್ದು ಹಾಕಿಸಲು ಕಡೂರಿನಲ್ಲಿ ಪಶು ವೈದ್ಯರ ಹತ್ತಿರ ಹೋಗಿದ್ದೆ. ಬಾಗಿಲು ದಾಟುತ್ತಿದ್ದಂತೆ ಫಿನಾಯಿಲು, ಸಗಣಿ ಮತ್ತು ಯಾವುದೋ ಕಹಿ ಔಷಧ ಬೆರೆತ ವಾಸನೆ ಮೂಗಿಗೆ ಬಡಿಯಿತು. ನನಗೆ ತಟ್ಟನೆ ಅಜ್ಜ ನೆನಪಾದ. ಬೇರೆಯವರಿಗೆ ಅಜ್ಜಂದಿರು ವಿಭೂತಿಯ ಘಮದಲ್ಲೋ ನಶ್ಯದ ಘಾಟಿನಲ್ಲೋ ನೆನಪಾಗುತ್ತಾರೆ. ನನ್ನ ಅಜ್ಜ ದನದ ಆಸ್ಪತ್ರೆಯ ವಾಸನೆಯಲ್ಲಿ ನೆನಪಾಗುತ್ತಾನೆ. ಇದರಲ್ಲಿ ಅಗೌರವವೇನೂ ಇಲ್ಲ. ನಮ್ಮೂರಿನ ಪಶು ಆಸ್ಪತ್ರೆ ನಿಂತಿರುವುದು ಅಜ್ಜ ಕೊಟ್ಟ ಜಾಗದಲ್ಲಿ. ನಮ್ಮ ಮನೆಯ ಜಗಳ ಹುಟ್ಟಿದ್ದೂ ಅಲ್ಲಿಯೇ.

ನಮ್ಮೂರು ಅಜ್ಜಂಪುರದ ಆಚೆಗೆ, ಎರೆ ಮಣ್ಣಿನ ಸೀಮೆಯಲ್ಲಿದೆ. ಮಳೆ ಬಂದರೆ ಚಪ್ಪಲಿ ಕಾಲಿನ ಜೊತೆ ಬರುವುದಿಲ್ಲ, ಮಣ್ಣು ಬರುತ್ತದೆ. ಆ ಮಣ್ಣಿನಲ್ಲಿ ಈರುಳ್ಳಿ ಚೆನ್ನಾಗಿ ಬರುತ್ತಿತ್ತು, ಅಭಿಮಾನ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಅಜ್ಜನ ಹೆಸರು ರುದ್ರಪ್ಪ. ಊರವರಿಗೆ ದೊಡ್ಡ ಯಜಮಾನರು. ಅವನ ತಮ್ಮ ಸಿದ್ದಪ್ಪ, ನಮಗೆ ಚಿಕ್ಕಜ್ಜ, ಊರಿಗೆ ಚಿಕ್ಕ ಯಜಮಾನರು. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ.

ಅಜ್ಜನಿಗೆ ಮೊಮ್ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ. ಎಲ್ಲರನ್ನೂ ಹಿರಿಯ ಮೊಮ್ಮಗನ ಹೆಸರಿನಿಂದಲೇ ಕರೆಯುತ್ತಿದ್ದ. ಆದರೆ ಯಾರು ಉಂಡಿದ್ದಾರೆ, ಯಾರು ಉಂಡಿಲ್ಲ ಎಂಬುದು ತಪ್ಪುತ್ತಿರಲಿಲ್ಲ. ಮನೆಯವರೆಲ್ಲ ಉಂಡ ಮೇಲೆಯೇ ಅವನು ತಟ್ಟೆಯ ಮುಂದೆ ಕೂರುತ್ತಿದ್ದದ್ದು. ಕೂತ ಮೇಲೂ ನೆಮ್ಮದಿಯಿಲ್ಲ. ಊರಿನಲ್ಲಿ ಯಾರ ಹಸು ಈಯಲು ಒದ್ದಾಡಿದರೂ, ಯಾರ ಸೊಸೆ ಮುನಿಸಿಕೊಂಡು ತರೀಕೆರೆಯ ತವರಿಗೆ ಹೊರಟರೂ ಇವನು ಅರ್ಧ ಊಟಕ್ಕೆ ಕೈ ತೊಳೆದು ಎದ್ದುಬಿಡುತ್ತಿದ್ದ. ಹಸುವಿನ ವಿಷಯದಲ್ಲಿ ಒಳ್ಳೆಯದಾಗುತ್ತಿತ್ತು. ಸೊಸೆಯರ ವಿಷಯದಲ್ಲಿ ಇವನು ಮಾತಾಡಿದ ಮೇಲೆ ಮುನಿಸು ಇನ್ನೊಂದು ವಾರ ಬೆಳೆಯುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು.

ಹೀಗಿರುವಾಗ ಊರಿಗೆ ಪಶು ಆಸ್ಪತ್ರೆ ಮಂಜೂರಾಯಿತು, ಜಾಗ ಬೇಕಾಯಿತು. ಸಂಜೆ ಹೋಟೆಲಿನ ಬೆಂಚಿನ ಮೇಲೆ ಚಿಕ್ಕಜ್ಜ ತಾನು ಕೊಡುವುದಾಗಿ ಹೇಳಿದ. ಸುದ್ದಿ ಅಜ್ಜನ ಕಿವಿಗೆ ಬಿತ್ತು. ಬೆಳಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ಪಂಚಾಯ್ತಿಗೆ ಹೋಗಿ, ಕೆರೆಯ ದಾರಿಯಲ್ಲಿದ್ದ ತನ್ನ ಹೊಲವನ್ನು ಕೊಟ್ಟು ಬಂದ. ಹಿರಿಯನಾದ ತಾನಿರುವಾಗ ತಮ್ಮ ಕೊಡುವುದೆಂದರೇನು ಎಂಬುದು ಅವನ ವಾದ. ತಾನು ಬಾಯಿ ಬಿಟ್ಟು ಹೇಳಿದ ಮೇಲೆ ಅಣ್ಣ ಅಡ್ಡ ಬಂದು ಊರೆದುರು ತನ್ನ ಮಾತನ್ನು ಕಳೆದ ಎಂಬುದು ಚಿಕ್ಕಜ್ಜನ ವಾದ. ಬೇರೆ ಊರುಗಳಲ್ಲಿ ಅಣ್ಣತಮ್ಮಂದಿರು ಒಂದು ಗೇಣು ನೆಲ ಕಿತ್ತುಕೊಳ್ಳಲು ಕೋರ್ಟಿಗೆ ಹೋಗುತ್ತಾರೆ. ನಮ್ಮ ಮನೆಯ ಇಬ್ಬರು ಕೊಡುವುದಕ್ಕಾಗಿ ಮಾತು ಬಿಟ್ಟರು.

ಊರು ದಡ್ಡ ಊರಲ್ಲ. ಇವರ ಮುನಿಸು ಎರೆ ಹೊಲದಷ್ಟೇ ಫಲವತ್ತಾದದ್ದು ಎಂದು ಅದಕ್ಕೆ ಬೇಗ ತಿಳಿಯಿತು. ಮೊದಲು ತಿಳಿದದ್ದು ಪಂಚಾಯ್ತಿ ಮೆಂಬರು ಕಲ್ಲೇಶಪ್ಪನಿಗೆ. ಅವನು ನಮ್ಮ ಜಗಲಿಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಿದ್ದ.

"ಚಿಕ್ಕ ಯಜಮಾನ್ರು ಕೊಡ್ತೀನಿ ಅಂತ ಕುಂತವ್ರೆ. ನಾವೇ ತಡೀರಿ ಅಂದ್ವಿ. ದೊಡ್ಡೋರ್ನ ಒಂದ್ಮಾತು ಕೇಳದೆ ಹೆಂಗೆ?"

ಅಷ್ಟು ಸಾಕಾಗುತ್ತಿತ್ತು. ಅಲ್ಲಿಂದ ಎದ್ದು, ಬೀದಿ ಸುತ್ತು ಹಾಕಿ, ಪಕ್ಕದ ಮನೆಯ ಜಗಲಿಯಲ್ಲಿ ಕೂತು ಇದೇ ಮಾತನ್ನು ತಿರುಗಿಸಿ ಹೇಳಿ ಎರಡನೆಯ ಕಾಫಿ ಕುಡಿಯುತ್ತಿದ್ದ. ಹೀಗೆ ಚಿಕ್ಕಜ್ಜನಿಂದ ಹಾಲಿನ ಡೇರಿಗೆ ಜಾಗ ಬಂತು, ಅಜ್ಜನಿಂದ ನೀರಿನ ಟ್ಯಾಂಕಿಗೆ ಬಂತು, ಮತ್ತೆ ಚಿಕ್ಕಜ್ಜನಿಂದ ಅಂಗನವಾಡಿಗೆ. ಅಕ್ಕಪಕ್ಕದ ಊರವರು ನಮ್ಮೂರಿನ ಅಭಿವೃದ್ಧಿ ಕಂಡು ಬೆರಗಾಗುತ್ತಿದ್ದರು. ಅವರ ಊರುಗಳಲ್ಲಿ ಅಣ್ಣತಮ್ಮಂದಿರು ಚೆನ್ನಾಗಿದ್ದರು, ಪಾಪ, ಹಾಗಾಗಿ ಅಂಗನವಾಡಿ ಬಾಡಿಗೆ ಮನೆಯಲ್ಲಿತ್ತು.

ಅಜ್ಜಿ ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು: "ಇನ್ನ ಜಗಲಿ ಒಂದು ಉಳಿದೈತೆ. ಅದಕ್ಕೂ ಬಸ್‌ಸ್ಟ್ಯಾಂಡ್ ಅಂತ ಬೋರ್ಡ್ ಹಾಕ್ಸಿಬಿಡಿ."

ಅಜ್ಜ ಅದನ್ನು ನಿಜವಾದ ಸಲಹೆ ಎಂದು ತಿಳಿದು ಸ್ವಲ್ಪ ಹೊತ್ತು ಯೋಚಿಸಿದ.

ಕೊನೆಗೆ ಸಮುದಾಯ ಭವನದ ಮಾತು ಬಂತು. ಈ ಸಲ ಕಲ್ಲೇಶಪ್ಪನ ಕಣ್ಣು ರಸ್ತೆ ಬದಿಯ ಹೊಲಗಳ ಮೇಲೆ. ಅಣ್ಣನದು ಒಂದು ತುಂಡು, ತಮ್ಮನದು ಪಕ್ಕದ ತುಂಡು, ಎರಡೂ ಮನೆಗೆ ಅನ್ನ ಹಾಕುತ್ತಿದ್ದ ನೆಲ. ಅದೂ ಹೋದರೆ ಸಮುದಾಯ ಭವನದಲ್ಲಿ ಬೇರೆಯವರ ಮದುವೆಯ ಊಟಕ್ಕೆ ಕಾಯುತ್ತಾ ಕೂರಬೇಕಾಗುತ್ತಿತ್ತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಗಂಡಂದಿರು ಮಾತು ಬಿಟ್ಟಿದ್ದರೇ ಹೊರತು ಅಜ್ಜಿಯೂ ಚಿಕ್ಕಜ್ಜಿಯೂ ಬಿಟ್ಟಿರಲಿಲ್ಲ. ಹಿತ್ತಲ ಬಾಗಿಲಿನಿಂದ ಸಾರು ಆಕಡೆ ಹೋಗಿ ಪಲ್ಯ ಈಕಡೆ ಬರುತ್ತಿತ್ತು. ಕಲ್ಲೇಶಪ್ಪ ಎರಡೂ ಮನೆಯ ಕಾಫಿ ಕುಡಿದು ಹೋದ ದಿನ ಇಬ್ಬರೂ ಹಿತ್ತಲಲ್ಲಿ ಕೂತು ಮಾತಾಡಿಕೊಂಡರು. ಅಂದು ಊಟಕ್ಕೆ ಬಡಿಸುವಾಗ ಅಜ್ಜಿ ಅಜ್ಜನಿಗೆ, ನಿಮ್ಮ ತಮ್ಮ ಈ ಸಲ ಕೊಡುವುದಿಲ್ಲವಂತೆ, ಪಾಪ ಅಣ್ಣನಿಗೆ ಹೆಸರಿನ ಆಸೆ, ಅವನೇ ಕೊಟ್ಟುಕೊಳ್ಳಲಿ ಎಂದನಂತೆ, ಎಂದು ಹೇಳಿದಳು. ಗೋಡೆಯ ಆಚೆ ಚಿಕ್ಕಜ್ಜಿಯೂ ಅದನ್ನೇ ತಿರುಗಿಸಿ ಹೇಳಿದಳು.

ಮರುದಿನ ಕಲ್ಲೇಶಪ್ಪ ಬಂದಾಗ ಅಜ್ಜ ಒಂದು ಅಂಗುಲವನ್ನೂ ಕೊಡುವುದಿಲ್ಲ ಎಂದ. ಪಕ್ಕದ ಮನೆಯಲ್ಲಿಯೂ ಅದೇ ಉತ್ತರ. ಆ ದಿನ ಅವನಿಗೆ ಎರಡೂ ಕಡೆ ಕಾಫಿ ಸಿಗಲಿಲ್ಲ.

ಆದರೆ ಅಜ್ಜನಿಗೆ ಸಮಾಧಾನವಾಗಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ವರ್ಷಗಳ ಮೇಲೆ ತಮ್ಮನ ಜಗಲಿ ಹತ್ತಿದ. "ಲೇ ಸಿದ್ದ, ನಂಗೆ ಹೆಸ್ರು ಭಿಕ್ಷೆ ಹಾಕ್ತೀಯೇನೋ?"

"ನಾನೆಲ್ಲಿ ಅಂದೆ? ನೀನಲ್ವಾ ಹಂಗಂದಿದ್ದು?"

ನಾನಲ್ಲ, ನೀನೇ ಎಂದು ಸ್ವಲ್ಪ ಹೊತ್ತು ನಡೆಯಿತು. ಯಾರಿಂದ ಕೇಳಿದೆ ಎಂಬ ಪ್ರಶ್ನೆ ಬಂದಾಗ ಇಬ್ಬರೂ ಅಡುಗೆಮನೆಯ ಕಡೆ ನೋಡಿದರು. ಒಳಗಿನಿಂದ ಚಿಕ್ಕಜ್ಜಿ ಏನೂ ಆಗಿಲ್ಲವೆಂಬಂತೆ ಎರಡು ಲೋಟ ಕಾಫಿ ತಂದಿಟ್ಟಳು. ಇಬ್ಬರೂ ಕುಡಿದರು. ಲೋಟ ಕೆಳಗಿಟ್ಟು ಚಿಕ್ಕಜ್ಜ, ನಿನ್ನ ಮಂಡಿನೋವು ಹೆಂಗೈತೆ ಎಂದು ಕೇಳಿದನಂತೆ. ಅಜ್ಜ ಸಂಜೆಯವರೆಗೂ ಮಂಡಿನೋವಿನ ಬಗ್ಗೆಯೇ ಮಾತಾಡಿದ. ಸಮುದಾಯ ಭವನ ಗೋಮಾಳದಲ್ಲಿ ಎದ್ದಿತು. ಅಲ್ಲಿ ಸರ್ಕಾರದ ಜಾಗ ಮೊದಲಿನಿಂದಲೂ ಇತ್ತು. ಕಲ್ಲೇಶಪ್ಪನ ಭಾಮೈದ ಅದರಲ್ಲಿ ಈರುಳ್ಳಿ ಬೆಳೆಯುತ್ತಿದ್ದುದರಿಂದ ಯಾರಿಗೂ ಕಂಡಿರಲಿಲ್ಲ.

ರಾಜಿಯಾದ ಮೇಲೆ ಒಂದು ಬೆಳಗ್ಗೆ ಅಜ್ಜ ತಮ್ಮನನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಜ್ಜಂಪುರದ ಕಾಲೇಜಿಗೆ ಬಸ್ಸು ಕಾಯುತ್ತಿದ್ದ ನಾನೂ ಜೊತೆಗೆ ಹೋದೆ. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಗೋಡೆಯ ಕಲ್ಲಿನಲ್ಲಿ ತನ್ನ ಹೆಸರಿದೆ ಎಂದು ನಂಬಿಕೊಂಡಿದ್ದ. ಅದರಲ್ಲಿದ್ದದ್ದು ಉದ್ಘಾಟನೆಗೆ ಬಂದವರು, ಬರುತ್ತೇನೆಂದು ಬಾರದವರು, ಕಂಟ್ರಾಕ್ಟರು, ಕೊನೆಗೆ ಕಲ್ಲೇಶಪ್ಪ. ಚಿಕ್ಕಜ್ಜ ನಾಲ್ಕನೆಯ ಕ್ಲಾಸು ಓದಿದವನು. ಅಷ್ಟು ವರ್ಷ ಜಗಳವಾಡಿದರೂ ಈ ಒಂದು ಮಾತನ್ನು ಅವನು ಯಾರ ಮುಂದೆಯೂ ಎತ್ತಿರಲಿಲ್ಲ.

"ನನ್ನ ಹೆಸ್ರು ಎಲ್ಲೈತೆ, ತೋರ್ಸೋ," ಎಂದ ಅಜ್ಜ.

ಚಿಕ್ಕಜ್ಜ ಕಲ್ಲಿನ ಮೇಲಿನ ಸಾಲಿಗೆ ಬೆರಳಿಟ್ಟ. "ಇಲ್ಲೇ ಐತಲ್ಲಣ್ಣ. ಮೊದಲ್ನೇದೇ ನಿಂದು."

ಅಜ್ಜ ಆ ಅಕ್ಷರಗಳನ್ನು ಟವೆಲಿನ ತುದಿಯಿಂದ ಒರೆಸಿದ. ಬಿ.ಎ. ಓದುತ್ತಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ ಎನ್ನಿಸುತ್ತದೆ.

ಅಜ್ಜಿಯ ಗೆಲುವು ಹೆಚ್ಚು ಕಾಲ ಬಾಳಲಿಲ್ಲ. ಮಾತು ಬಿಟ್ಟಾಗ ಒಬ್ಬೊಬ್ಬರೇ ಕೊಡುತ್ತಿದ್ದವರು ಮಾತು ಕೂಡಿದ ಮೇಲೆ ಇಬ್ಬರೂ ಸೇರಿ ಯೋಚಿಸತೊಡಗಿದರು. ಹೈಸ್ಕೂಲಿನ ಆಟದ ಮೈದಾನಕ್ಕೆ ಅಜ್ಜ ರಸ್ತೆ ಬದಿಯ ತುಂಡನ್ನು ಕೊಟ್ಟ, ಚಿಕ್ಕಜ್ಜ ಕಾಂಪೌಂಡಿಗೆ ಕಲ್ಲು ಹೊಡೆಸಿದ. ಕಲ್ಲೇಶಪ್ಪ ಈ ಸಲ ಕೇಳಲೂ ಇಲ್ಲ.

ಅಜ್ಜ ತೀರಿಕೊಂಡದ್ದು ಒಳ್ಳೆಯ ಮಳೆಗಾಲದಲ್ಲಿ. ನಮ್ಮಲ್ಲಿ ಸ್ವಂತ ಹೊಲದಲ್ಲಿ ಮಣ್ಣು ಮಾಡುವುದು ಪದ್ಧತಿ. ಊರೆಲ್ಲ ಅಂಗಳದಲ್ಲಿ ನಿಂತಿತ್ತು, ಅಪ್ಪ ಮಾತ್ರ ಜಾಗ ಹುಡುಕುತ್ತಾ ತಲೆ ತಗ್ಗಿಸಿದ್ದ. ಉಳಿದಿದ್ದ ಒಂದೇ ತುಂಡು ಕೆರೆಯ ಅಂಚಿನದು, ಕೆರೆ ತುಂಬಿ ಅದು ನೀರಿನಡಿ ಹೋಗಿತ್ತು. ಯಾರೋ ಆಟದ ಮೈದಾನದ ಮೂಲೆಯಲ್ಲಿ ಮಾಡೋಣ ಎಂದರು. ಇಲಾಖೆಯ ಅನುಮತಿ ಬೇಕಾಗುತ್ತದೆ ಎಂದು ಕಲ್ಲೇಶಪ್ಪ ಮೆಲ್ಲಗೆ ಹೇಳಿದ.

ಚಿಕ್ಕಜ್ಜ ಎದ್ದು ನಿಂತ. "ನಮ್ಮಣ್ಣ ಎಲ್ರಿಗೂ ಕೊಟ್ಟ. ಅವ್ನಿಗೆ ಕೊಡಾಕೆ ನಾನೊಬ್ಬ ಇದೀನಿ," ಎಂದ.

ರಸ್ತೆ ಬದಿಯ ತನ್ನ ಹೊಲದ ನಟ್ಟನಡುವೆ ಹೋಗಿ ಕೋಲು ಊರಿದ. ಅಂಚಿಗಾದರೆ ಉಳುವುದಕ್ಕೆ ಅನುಕೂಲ ಎಂದು ಅವನ ಮಗ ಹೇಳಿದ್ದಕ್ಕೆ, ಅಂಚಿಗೆ ಹಾಕಲು ಅವನೇನು ಬದುವಾ ಎಂದು ಗದರಿದ. ಎಲ್ಲ ಮುಗಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, "ಈಗ ಹೇಳಣ್ಣ, ಯಾರು ಹೆಚ್ಚು ಕೊಟ್ರು?" ಎಂದು ಕೇಳಿದ. ಆಮೇಲೆ ಅಲ್ಲೇ ಕುಸಿದು ಕೂತು, ಚಿಕ್ಕ ಹುಡುಗನ ಹಾಗೆ ಅತ್ತ.

ಕೆಲವು ವರ್ಷಗಳ ಮೇಲೆ ಅವನೂ ಹೋಗಿ ಅಣ್ಣನ ಪಕ್ಕದಲ್ಲಿ ಮಲಗಿದ.

ಈ ಭಾನುವಾರ ಸುಮ್ಮನೆ ಊರಿಗೆ ಹೋಗಿ ಬಂದೆ. ನಾನು ಕಡೂರಿನಲ್ಲಿ ಒಂದು ಸೈಟು ಮಾಡಿಕೊಂಡು, ಪಕ್ಕದವರು ಅರ್ಧ ಅಡಿ ಒತ್ತಿದ್ದಾರೆಂದು ಸರ್ವೆಯ ಮೇಲೆ ಸರ್ವೆ ಮಾಡಿಸುತ್ತಿರುವವನು. ಎರಡು ಸಮಾಧಿಗಳ ಮುಂದೆ ನಿಲ್ಲಲು ಸ್ವಲ್ಪ ಸಂಕೋಚವಾಯಿತು. ಚಿಕ್ಕಜ್ಜನ ಮೊಮ್ಮಗ ಮಹೇಶ ಟ್ರ್ಯಾಕ್ಟರಿನಲ್ಲಿ ಆ ಹೊಲ ಉಳುತ್ತಿದ್ದ. ಸಮಾಧಿಯ ಹತ್ತಿರ ಬಂದಾಗಲೆಲ್ಲ ಸ್ಟೇರಿಂಗು ತಿರುಗಿಸಿ, ಗೊಣಗುತ್ತಾ, ಅಗಲವಾಗಿ ಸುತ್ತು ಹಾಕುತ್ತಿದ್ದ. ನನ್ನನ್ನು ಕಂಡು ಇಂಜಿನ್ ನಿಲ್ಲಿಸಿದ.

"ನಿಂಗೂ ಇಲ್ಲಿ ಜಾಗ ಬೇಕಾದ್ರೆ ಈಗ್ಲೇ ಹೇಳ್ಬಿಡು ಕಣೋ. ಈರುಳ್ಳಿ ಹಾಕಿದ್ಮೇಲೆ ಬಂದು ಕೇಳ್ಬೇಡ."

ಅವನು ತಮಾಷೆಗೆ ಅಂದದ್ದು. ನಾನು ಸಮಾಧಿಗಳ ಪಕ್ಕದ ನೆಲವನ್ನು ಒಮ್ಮೆ ನೋಡಿದೆ. ಬೇಕು, ಇಟ್ಟಿರು ಎಂದೆ. ನಮ್ಮ ಮನೆತನದಲ್ಲಿ ಬಾಯಿ ಬಿಟ್ಟು ಜಾಗ ಕೇಳಿದವನು ನಾನೇ ಮೊದಲಿಗನಿರಬೇಕು. ಮಹೇಶ ಟ್ರ್ಯಾಕ್ಟರ್ ಚಾಲು ಮಾಡಿ, ಮುಂದಿನ ಸುತ್ತನ್ನು ಇನ್ನೂ ಸ್ವಲ್ಪ ಅಗಲ ಮಾಡಿಕೊಂಡ.